ಹಾಲಿನ ಯಂತ್ರದ ಪಿನ್ನು ಮತ್ತು ನನ್ನ ಹೆಬ್ಬೆರಳು

ಜನವರಿ 5, ರವಿವಾರ

ಇಂದಿನಿಂದ ದಿನಚರಿ ಬರೆಯುತ್ತೇನೆ. ದೊಡ್ಡ ಬದಲಾವಣೆಯ ಕಾಲದಲ್ಲಿ ಅದನ್ನು ಹತ್ತಿರದಿಂದ ಕಂಡವರು ಬರೆದಿಡಬೇಕು ಎಂದು ಹಳದಿ ಪುಸ್ತಿಕೆಯಲ್ಲಿದೆ. ನಮ್ಮೂರಿನ ಮಟ್ಟಿಗೆ ಆ ಬದಲಾವಣೆ ಇಂದು ಮುಂಜಾನೆ ಹಾಲಿನ ಡೇರಿಯಲ್ಲಿ ಆಯಿತು. ಹತ್ತಿರದಿಂದ ಕಂಡವನು ನಾನೇ. ಮಾಡಿದವನೂ ನಾನೇ.

ಡೇರಿಯಲ್ಲಿ ಹಾಲು ಪರೀಕ್ಷಿಸುವ ಒಂದು ಯಂತ್ರವಿದೆ. ಸಣ್ಣ ಲೋಟದಲ್ಲಿ ಹಾಲು ಹಿಡಿದರೆ ಕೊಳವೆಯಿಂದ ಹೀರಿಕೊಂಡು, ಫ್ಯಾಟು ಎಷ್ಟು, ನೀರು ಎಷ್ಟು ಎಂದು ಕೆಂಪು ಅಂಕಿಗಳಲ್ಲಿ ತೋರಿಸುತ್ತದೆ. ಆ ಅಂಕಿಯ ಮೇಲೆ ದರ. ಹೀಗಾಗಿ ಒಂದೇ ಊರಿನ, ಒಂದೇ ಕೆರೆಯ ನೀರು ಕುಡಿಯುವ ಎಮ್ಮೆಗಳ ನಡುವೆ ಮೇಲು ಕೀಳು ಹುಟ್ಟಿದೆ. ಅಳತೆಯೇ ಒಡಕಿನ ಮೊದಲ ಆಯುಧ ಎಂದು ಹಳದಿ ಪುಸ್ತಿಕೆ ಸ್ಪಷ್ಟವಾಗಿ ಹೇಳುತ್ತದೆ. ಇಂಥ ಪುಸ್ತಿಕೆಗಳು ಗೋಕಾಕ ಬಸ್ ನಿಲ್ದಾಣದ ಹೊರಗೆ ಒಬ್ಬ ಗೋಣಿತಟ್ಟಿನ ಮೇಲೆ ಹರಡಿಕೊಂಡು ಮಾರುತ್ತಾನೆ. ನನ್ನ ಬಳಿ ಹಳದಿ, ಹಸಿರು, ಕೆಂಪು ಮೂರೂ ಇವೆ. ಬಿ.ಎ.ಯಲ್ಲಿ ಕಲಿಸದೆ ಬಿಟ್ಟದ್ದನ್ನು ಅವು ಕಲಿಸಿವೆ.

ಸಾಲಿನಲ್ಲಿ ನಿಂತವರ ಎದುರು, ಬೋರಲು ಹಾಕಿದ್ದ ಕ್ಯಾನಿನ ಮೇಲೆ ಹತ್ತಿ ಮಾತಾಡಿದೆ. ಎಲ್ಲರ ಹಾಲೂ ಬೆಳ್ಳಗಿರುವಾಗ ದರ ಮಾತ್ರ ಏಕೆ ಬೇರೆ ಎಂದು ಕೇಳಿದೆ. ಎಲ್ಲರೂ ಕೈ ಉಜ್ಜಿಕೊಂಡರು. ಚಳಿ ಬಹಳ ಇತ್ತು. ಕೊನೆಗೆ, "ಈ ಯಂತ್ರದ ಶಕ್ತಿ ಎಲ್ಲೈತಿ? ನಮ್ಮ ಕೈಯಾಗ ಐತಿ" ಎಂದು ಬಾಗಿ, ಅದರ ಬೆನ್ನಿಗಿದ್ದ ಕರೆಂಟಿನ ಪಿನ್ನು ಹಿಡಿದು ಎಳೆದೆ. ಪಿನ್ನು ಬಂತು. ಪಿನ್ನು ಕೂರುವ ಕರಿಯ ಸಾಕೆಟ್ಟೂ ಬಂತು. ಸಾಕೆಟ್ಟಿನ ಕಾಲಿಗೆ ಅಂಟಿಕೊಂಡು, ಒಳಗಿನ ಹಸಿರು ಬೋರ್ಡಿನ ಮೇಲಿದ್ದ ಎಳೆಯಂಥ ತಾಮ್ರದ ಪಟ್ಟಿಯೂ ಬಂತು.

ಡೇರಿಯ ಸೆಕ್ರೆಟರಿ ಗಜಾನನ ಕಾಕಾ ನನ್ನ ಕೈಯಲ್ಲಿದ್ದುದನ್ನು ನೋಡಿದರು.

"ಮುಗೀತೇನಪಾ ಭಾಷಣ? ಇಳಿ ಹಂಗಾರ. ಆ ಕ್ಯಾನ್ ಬೇಕಾಗೈತಿ."

ಯಂತ್ರ ಬರುವ ಮೊದಲು ಹಾಲಿನಲ್ಲಿ ತೇಲಿಬಿಟ್ಟು ನೋಡುತ್ತಿದ್ದ ಗಾಜಿನ ಕಡ್ಡಿ ಯಾವತ್ತೋ ಒಡೆದುಹೋಗಿದೆ. ಆದ್ದರಿಂದ ಯಂತ್ರ ಸರಿಯಾಗುವವರೆಗೆ ಎಲ್ಲರಿಗೂ ಒಂದೇ ದರ ಎಂದು ಕಾಕಾ ಸಾರಿದರು. ಸಮಾನತೆ ಒಂದೇ ಎಳೆತಕ್ಕೆ ಬಂದೀತೆಂದು ಯಾವ ಪುಸ್ತಿಕೆಯೂ ನನಗೆ ಹೇಳಿರಲಿಲ್ಲ.

ಜನವರಿ 7, ಮಂಗಳವಾರ

ಫಲ ಕಾಣತೊಡಗಿದೆ. ಡೇರಿಗೆ ಬರುವ ಹಾಲು ಹೆಚ್ಚಾಗಿದೆ. ನಿನ್ನೆಗಿಂತ ಇವತ್ತು ಒಂದು ಕ್ಯಾನು ಜಾಸ್ತಿ. ನ್ಯಾಯ ಸಿಕ್ಕಲ್ಲಿ ಉತ್ಪಾದನೆ ತಾನಾಗಿ ಏರುತ್ತದೆ ಎಂದು ಹಸಿರು ಪುಸ್ತಿಕೆಯಲ್ಲಿ ಓದಿದಾಗ ನನಗೇ ಪೂರ್ತಿ ನಂಬಿಕೆ ಇರಲಿಲ್ಲ. ಎಮ್ಮೆಗಳಿಗೂ ಅದು ತಿಳಿಯುತ್ತದೆಂದರೆ ಆಶ್ಚರ್ಯ.

ದಾರಿಯಲ್ಲಿ ಸಿಕ್ಕವರೆಲ್ಲ ನಗುನಗುತ್ತ ಮಾತಾಡಿಸುತ್ತಾರೆ. ಒಬ್ಬರಿಗೆ ಮಾತ್ರ ಸಿಟ್ಟು. ಮೇಲಿನ ಓಣಿಯ ಸುಂದ್ರವ್ವಾಯಿ. ಅವಳಿಗಿರುವುದು ಒಂದೇ ಎಮ್ಮೆ, ಅದರ ಮೇಲೆಯೇ ಅವಳ ಮನೆ ನಡೆಯುತ್ತದೆ. ಊರಲ್ಲೇ ಗಟ್ಟಿ ಹಾಲು ಅದರದು ಎಂಬುದು ಅವಳ ಸೊಕ್ಕು. ಇವತ್ತು ಹಾಲಿನಲ್ಲಿ ಬೆರಳದ್ದಿ ನನ್ನ ಮೂಗಿನ ಮುಂದೆ ಹಿಡಿದಳು. ಹಾಲು ಬೆರಳಿನಿಂದ ಇಳಿಯಲೇ ಇಲ್ಲ. ನಾನು ಸಮಾನತೆಯ ಬಗ್ಗೆ ವಿವರಿಸಲು ಹೋದೆ. ಆಕೆ ಆ ಬೆರಳನ್ನು ನನ್ನ ಅಂಗಿಗೆ ಒರೆಸಿ ಹೋದಳು.

ಜನವರಿ 9, ಗುರುವಾರ

ಹಾಲು ಇನ್ನೂ ಹೆಚ್ಚಾಗಿದೆ. ಗುಡ್ಡಪ್ಪ ಮಾಮಾನ ಎರಡು ಎಮ್ಮೆಗಳಲ್ಲಿ ಒಂದು ದೀಪಾವಳಿಯಿಂದ ಹಾಲು ಬತ್ತಿಸಿಕೊಂಡು ನಿಂತಿತ್ತು. ಇವತ್ತು ಅದೂ ಕೊಟ್ಟಿತು.

ಇದನ್ನು ಬರೆದು, ಬರೆದದ್ದನ್ನು ಇನ್ನೊಮ್ಮೆ ಓದಿದೆ.

ಹಾಲು ಒಯ್ಯುವ ಗಾಡಿಯ ಮುತ್ತಪ್ಪ ನಮ್ಮ ಕ್ಯಾನಿನ ಮುಚ್ಚಳ ತೆಗೆದು ಒಳಗೆ ಇಣುಕಿ, "ಕಾಕಾ, ಇದು ಹಾಲೋ ಘಟಪ್ರಭಾ ಹೊಳಿಯೋ?" ಎಂದು ಕೇಳಿದ. ತಿಂಗಳ ಕೊನೆಗೆ ಹಾಲು ಒಕ್ಕೂಟದ ಮೇಲಿನವರು ಎಲ್ಲ ಊರಿನ ಹಾಲು ಪರೀಕ್ಷೆ ಮಾಡುತ್ತಾರಂತೆ. ಆಗಲೂ ಹೀಗೇ ಇದ್ದರೆ ನಮ್ಮೂರಿಗೆ ಗಾಡಿ ಬರುವುದಿಲ್ಲವಂತೆ. ಗಾಡಿ ಬರದಿದ್ದರೆ ಡೇರಿ ಮುಚ್ಚಿದಂತೆ. ಸುಂದ್ರವ್ವಾಯಿ ಪಕ್ಕದಲ್ಲೇ ನಿಂತಿದ್ದಳು. ತನ್ನ ತಂಬಿಗೆಯನ್ನು ಎದೆಗೆ ಹಿಡಿದುಕೊಂಡು ನನ್ನನ್ನೇ ನೋಡಿದಳು. ಬೈದಿದ್ದರೆ ಚೆನ್ನಾಗಿತ್ತು.

ಜನವರಿ 10, ಶುಕ್ರವಾರ

ಇಂದು ಬೇಗ ಎದ್ದು ಅವ್ವ ಹಿಂಡುವುದನ್ನು ಗಮನಿಸಿದೆ. ಹಿಂಡಿದಳು. ಗಡಿಗೆಯ ಹಾಲನ್ನು ಕ್ಯಾನಿಗೆ ಸುರಿದಳು. ಆಮೇಲೆ ಬರಿ ಗಡಿಗೆಗೆ ತುಂಬಿದ ತಂಬಿಗೆ ನೀರು ಹಾಕಿ, ಸುತ್ತ ಕುಲುಕಿ, ಅದನ್ನೂ ಕ್ಯಾನಿಗೆ ಸುರಿದಳು.

"ಅವ್ವಾ, ನೀರ ಹಾಕಿದಿ."

"ನೀರ ಯಾಕ ಹಾಕಲಿ? ಗಡಿಗಿ ತೊಳದೆ."

"ತೊಳದ ನೀರ ಚೆಲ್ಲಬೇಕವ್ವಾ."

"ಅದರಾಗ ಹಾಲ ಇರ್ತೈತಿ. ಹಾಲ ಚೆಲ್ಲಿದರ ಮಂದಿ ತುಳೀತಾರ. ಹಾಲ ಕಾಲಾಗ ಬೀಳಬಾರದೋ, ನಿನ್ನ ಪುಸ್ತಕದಾಗ ಅಷ್ಟೂ ಬರದಿಲ್ಲೇನು?"

ಮೊದಲೂ ಹೀಗೇ ಮಾಡುತ್ತಿದ್ದೆಯಾ ಎಂದು ಕೇಳಿದೆ. ಯಂತ್ರ ಇದ್ದಾಗ ಒಂದು ಬೊಗಸೆ ನೀರಿನಲ್ಲಿ ತೊಳೆಯುತ್ತಿದ್ದಳಂತೆ. ಈಗ ಚಳಿಗೆ ಗಡಿಗೆಗೆ ಬೆಣ್ಣೆ ಹೆಚ್ಚು ಹಿಡಿಯುತ್ತದಂತೆ.

ವಿಚಾರಿಸಿದೆ. ಊರಲ್ಲಿ ಯಾರೂ ಹಾಲಿಗೆ ನೀರು ಹಾಕುತ್ತಿಲ್ಲ. ಎಲ್ಲರೂ ಗಡಿಗೆ ತೊಳೆಯುತ್ತಿದ್ದಾರೆ. ಗುಡ್ಡಪ್ಪ ಮಾಮಾ ಹಿಂಡದೆಯೇ ತೊಳೆಯುತ್ತಿದ್ದಾನೆ.

ಜನವರಿ 11, ಶನಿವಾರ

ಡೇರಿಯ ಸಭೆ. ಯಂತ್ರವನ್ನು ನಾನೇ ಸರಿಮಾಡಿಸಿ ತರುತ್ತೇನೆ ಎಂದು ಎದ್ದು ನಿಂತು ಪ್ರತಿಜ್ಞೆ ಮಾಡಿದೆ. ಹಾಗೆಂದು ನಿನ್ನೆಯೇ ಠರಾವು ಆಗಿದೆ, ಕೂತುಕೋ ಎಂದು ಕಾಕಾ ಹೇಳಿದರು.

ಜನವರಿ 13, ಸೋಮವಾರ

ಯಂತ್ರವನ್ನು ಅವ್ವನ ಹಳೆಯ ಸೀರೆಯಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಗೋಕಾಕಕ್ಕೆ ಹೋದೆ. ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಬಸ್ಸು ತೆವಳಿತು. ಪಕ್ಕದ ಸೀಟಿನ ಮುದುಕ ಸೀರೆಯ ಸಂದಿಯಿಂದ ಗುಂಡಿಗಳನ್ನು ಕಂಡು, ಇದು ಓಟಿನ ಮಿಷನ್ ಹೌದಲ್ಲೋ ಎಂದು ಕೇಳಿದ. ಅಲ್ಲ, ಹಾಲಿನದು ಎಂದೆ. ಅವನು ಕಣ್ಣು ಮಿಟುಕಿಸಿ, ಯಾರಿಗೂ ಹೇಳುವುದಿಲ್ಲ ಎಂದ. ಮೇಲವಂಕಿ ದಾಟುವ ಹೊತ್ತಿಗೆ ಇಡೀ ಬಸ್ಸಿಗೆ ಗೊತ್ತಾಗಿತ್ತು. ಇಳಿಯುವಾಗ ಒಬ್ಬ ಹೆಂಗಸು ತಮ್ಮ ವಾರ್ಡಿನ ಗಟಾರದ ಬಗ್ಗೆ ನನ್ನಲ್ಲಿ ದೂರು ಹೇಳಿದಳು.

ಅಂಗಡಿಯವನು ಯಂತ್ರದ ಬೆನ್ನು ಬಿಚ್ಚಿ ನೋಡಿ, ಸಾಕೆಟ್ಟಿನ ಜೊತೆ ಪಟ್ಟಿಯೂ ಕಿತ್ತಿದೆ, ಬೋರ್ಡೇ ಬದಲಿಸಬೇಕು, ಪುಣೆಗೆ ಕಳಿಸಬೇಕು, ಬರಲು ಹೋಳಿ ಹುಣ್ಣಿಮೆಯಾಗುತ್ತದೆ ಎಂದ. ಉಗುರಿನಷ್ಟು ಸಾಕೆಟ್ಟಿಗಾಗಿ ಇಡೀ ಬೋರ್ಡು ಎಸೆಯುವುದು ಕಂಪನಿಗಳ ಪಿತೂರಿ ಎಂದು ನಾನು ಹೇಳಿದೆ. ಒಡೆದದ್ದನ್ನು ದುರಸ್ತಿ ಮಾಡಿಕೊಳ್ಳುವುದು ಮನುಷ್ಯನ ಹಕ್ಕು ಎಂದೂ ಹೇಳಿದೆ. ಆತ ತಾಳ್ಮೆಯಿಂದ ಕೇಳಿಸಿಕೊಂಡ.

"ಹಕ್ಕ ನಿಮ್ದ ಐತ್ರಿ. ಸಾಕೆಟ್ ನನ್ನ ಕಡೆ ಇಲ್ಲ."

ಯಂತ್ರವನ್ನು ಮತ್ತೆ ಸೀರೆಯಲ್ಲಿ ಸುತ್ತಿಕೊಟ್ಟ. ನನಗಿಂತ ಚೆನ್ನಾಗಿ ಸುತ್ತಿದ.

ಜನವರಿ 14, ಮಂಗಳವಾರ

ಸಂಕ್ರಮಣ. ಊರೆಲ್ಲ ಕುಸುರೆಳ್ಳು ಹಂಚಿತು. ಸುಂದ್ರವ್ವಾಯಿ ನನ್ನ ಅಂಗೈಯಲ್ಲಿ ಒಂದೇ ಒಂದು ಕಾಳು ಇಟ್ಟಳು.

ಜನವರಿ 16, ಗುರುವಾರ

ಹುಕ್ಕೇರಿ. ಕಾಲೇಜಿನ ಗೆಳೆಯ ಶುಭಮ್ ಅಲ್ಲಿ ಮೊಬೈಲ್ ರಿಪೇರಿಯ ಗೂಡಂಗಡಿ ಇಟ್ಟಿದ್ದಾನೆ. ಕ್ಲಾಸಿನಲ್ಲಿ ಹಿಂದಿನ ಬೆಂಚಿನಲ್ಲಿ ಮಲಗುತ್ತಿದ್ದವನು. ಈಗ ಹಣೆಗೆ ಭೂತಗನ್ನಡಿ ಕಟ್ಟಿಕೊಂಡು ಕೂರುತ್ತಾನೆ.

ಅವನು ಹಳೆಯ ಡಿಶ್ ಟಿವಿ ಡಬ್ಬಿಯಿಂದ ಅಂಥದೇ ಕರಿಯ ಸಾಕೆಟ್ಟು ಕಿತ್ತ. ಬೋರ್ಡಿನಲ್ಲಿ ಮೂರು ತೂತುಗಳು. ಎರಡರ ಸುತ್ತ ತವರ ಹಿಡಿಯಿತು, ಮೂರನೆಯದರ ಸುತ್ತ ಹಿಡಿಯಲು ತಾಮ್ರವೇ ಉಳಿದಿರಲಿಲ್ಲ. ಅಲ್ಲಿಂದ ಒಂದು ಸಣ್ಣ ತಂತಿ ಎಳೆದು ಪಟ್ಟಿ ಉಳಿದಿದ್ದ ಜಾಗಕ್ಕೆ ಬೆಸೆದ. ಪಿನ್ನು ಚುಚ್ಚಿದ. ಕೆಂಪು ಅಂಕಿಗಳು ಹೊತ್ತಿಕೊಂಡವು. ನನಗೆ ಕಣ್ಣು ತುಂಬಿತು, ತವರದ ಹೊಗೆ. ಪರೀಕ್ಷೆಗೆ ಹಾಲು ಇರಲಿಲ್ಲವೆಂದು ಅವನ ಚಹಾವನ್ನೇ ಕೊಳವೆಗೆ ಹಿಡಿದೆವು. ಅದರಲ್ಲಿ ಹಾಲಿದೆ ಎಂದು ಯಂತ್ರ ಒಪ್ಪಲಿಲ್ಲ. ಶುಭಮ್ ಆಚೆ ಬದಿಯ ಚಹಾದಂಗಡಿಯ ಕಡೆಗೆ ಬಹಳ ಹೊತ್ತು ನೋಡಿದ.

"ಸದ್ಯಕ್ಕ ನಡೀತೈತಿ ದೋಸ್ತ. ಖರೆ ಹೇಳಬೇಕಂದ್ರ, ಇದರ ಒಳಗಿನ ಕಡ್ಡಿ ಒಂದೆಳಿ ಸಣ್ಣದೈತಿ, ಪಿನ್ ಅಲುಗಾಡ್ತೈತಿ. ಇದರದ ಅಳತಿ ಸಾಕೆಟ್ ಮೂಡಲಗಿಯಾಗ ರಾಜಪ್ಪನ ಕಡೆ ಸಿಗತೈತಿ, ಕರೆಂಟಿನ ತಕ್ಕಡಿ ರಿಪೇರಿ ಮಾಡ್ತಾನ. ಈ ವಾರದಾಗ ಹೋಗಿ ಹಾಕಿಸ್ಕೋ."

ಈ ವಾರದಲ್ಲಿ ಖಂಡಿತ ಹೋಗುತ್ತೇನೆ.

ಜನವರಿ 17, ಶುಕ್ರವಾರ

ಯಂತ್ರ ಬರುವ ಸುದ್ದಿ ಊರಿಗೆ ಮೊದಲೇ ತಿಳಿದಿತ್ತು. ಇವತ್ತು ಯಾರೂ ಗಡಿಗೆ ತೊಳೆದಂತಿರಲಿಲ್ಲ. ಗುಡ್ಡಪ್ಪ ಮಾಮಾನ ಎಮ್ಮೆ ಮತ್ತೆ ಬತ್ತಿದೆ. ಇನ್ನೊಂದು ಎಮ್ಮೆಯ ಅಪ್ಪಟ ಹಾಲನ್ನೇ ತಂದಿದ್ದ. ಎಲ್ಲರ ಅಂಕಿಯೂ ಚೆನ್ನಾಗಿ ಬಂತು, ಅವ್ವನದೂ ಬಂತು.

ಆದರೆ ಶುಭಮ್ ಹೇಳಿದ ಹಾಗೇ ಆಯಿತು. ಕ್ಯಾನು ಸರಿಸಿದ ಸದ್ದಿಗೂ ಯಂತ್ರ ಆರಿತು. ಒಮ್ಮೆ ಆರಿದರೆ ಮತ್ತೆ ಒಳಗೆ ಬಿಸಿಯಾಗಲು ಹೊತ್ತು ಹಿಡಿಯುತ್ತದೆ. ನಾನು ಹಿಂದೆ ನಿಂತು ಪಿನ್ನನ್ನು ಹೆಬ್ಬೆರಳಿನಿಂದ ಕೆಳಗೆ, ಸ್ವಲ್ಪ ಎಡಕ್ಕೆ ಒತ್ತಿ ಹಿಡಿದೆ. ಆರಲಿಲ್ಲ. ಕೈ ತೆಗೆದೆ, ಆರಿತು.

"ಕಿತ್ತಾಂವ ನೀನ. ಹಿಡ್ಕೊಂಡ ನಿಲ್ಲಾಂವನೂ ನೀನ" ಎಂದರು ಕಾಕಾ.

ಹೀಗೆ ಎರಡೂ ಹೊತ್ತು ಯಂತ್ರದ ಹಿಂದೆ ನಿಲ್ಲುವುದು ನನ್ನ ಪಾಲಿಗೆ ಬಂದಿದೆ. ನಡುವೆ ಆರಿಹೋದರೆ, ಸಾಲು ನಿಲ್ಲಬಾರದೆಂದು, ಆಗ ಸರದಿಯಲ್ಲಿದ್ದವರಿಗೆ ಹಿಂದಿನ ದಿನದ ಅಂಕಿಯನ್ನೇ ಬರೆಯುವುದು ಎಂದು ಕಾಕಾ ನಿಯಮ ಮಾಡಿದರು. ಒಳ್ಳೆಯ ನಿಯಮ.

ಜನವರಿ 20, ಸೋಮವಾರ

ಯಂತ್ರದ ಹಿಂದಿನಿಂದ ಅಂಕಿ ಕಾಣುವುದಿಲ್ಲ, ಮುಖಗಳು ಮಾತ್ರ ಕಾಣುತ್ತವೆ. ಇಷ್ಟು ದಿನ ಜನರ ಬಗ್ಗೆ ಓದಿದ್ದೆ, ಇಷ್ಟು ಹತ್ತಿರದಿಂದ ನೋಡಿರಲಿಲ್ಲ. ಅಂಕಿ ಬರುವ ಮೊದಲು ಎಲ್ಲರೂ ಒಂದು ಗಳಿಗೆ ಉಸಿರು ಹಿಡಿಯುತ್ತಾರೆ. ಸುಂದ್ರವ್ವಾಯಿ ಮಾತ್ರ ಹಿಡಿಯುವುದಿಲ್ಲ. ಅಂಕಿಯನ್ನೂ ನೋಡುವುದಿಲ್ಲ. ನನ್ನ ಹೆಬ್ಬೆರಳು ನೋಡುತ್ತಾಳೆ.

ಕೆಂಚವ್ವ ಕಾಕೂಗೆ ನಾಲ್ಕು ದಿನದಿಂದ ಕೆಮ್ಮು. ಇವತ್ತು ಕೆಮ್ಮುತ್ತಲೇ ಕ್ಯಾನು ಇಟ್ಟಳು. ಅವಳ ಸರದಿಯಲ್ಲಿ ಯಂತ್ರ ಆರಿತು. ನನ್ನ ಬೆರಳು ಬೆವರಿತ್ತು. ಜನವರಿಯಲ್ಲೂ ಕೆಲವೊಮ್ಮೆ ಬೆವರುತ್ತದೆ.

ಮೂಡಲಗಿಗೆ ಈ ವಾರ ಹೋಗಬೇಕು.

ಜನವರಿ 22, ಬುಧವಾರ

ಗುಡ್ಡಪ್ಪ ಮಾಮಾ ನನ್ನನ್ನು ಹೊಲಕ್ಕೆ ಕರೆದುಕೊಂಡು ಹೋಗಿ ಸೀತನಿ ತಿನ್ನಿಸಿದ. ಎಳೆ ಜೋಳದ ತೆನೆಯನ್ನು ಕುಳ್ಳಿನ ಬೆಂಕಿಯಲ್ಲಿ ಸುಟ್ಟು, ಉಜ್ಜಿ, ಬಿಸಿಬಿಸಿಯಾಗಿ ಅಂಗೈಗೆ ಹಾಕುತ್ತಿದ್ದ. ಜೊತೆಗೆ ಶೇಂಗಾ ಚಟ್ನಿ, ಮೊಸರು. ಇದು ಲಂಚವಾಗುತ್ತದೆಯೇ ಎಂದು ಕೆಂಪು ಪುಸ್ತಿಕೆಯನ್ನು ತಿರುವಿ ನೋಡಿದೆ. ಅದರಲ್ಲಿ ನಗದಿನ ಬಗ್ಗೆ ಇದೆ, ಸೀತನಿಯ ಬಗ್ಗೆ ಇಲ್ಲ. ಅದೂ ಅಲ್ಲದೆ ಸೀತನಿ ಸಂಸ್ಕೃತಿ.

ಸಂಜೆ ಮಾಮಾನ ಸರದಿಯಲ್ಲಿ ಯಂತ್ರ ಆರಿತು. ಉಂಡ ಕೈಗೆ ಬಿಗಿ ಕಡಿಮೆ.

ಮೂಡಲಗಿಗೆ ಹೋಗಲಾಗಲಿಲ್ಲ. ದಾರಿಯ ತುಂಬ ಕಬ್ಬಿನ ಟ್ರ್ಯಾಕ್ಟರುಗಳು.

ಜನವರಿ 24, ಶುಕ್ರವಾರ

ಊರು ಬದಲಾಗುತ್ತಿದೆ. ಮೊದಲು ನಾನು ಮಾತು ಶುರುಮಾಡಿದರೆ ಜನ ಸೈಕಲ್ಲು ಹತ್ತುತ್ತಿದ್ದರು. ಈಗ ನಿಂತು ಕೇಳುತ್ತಾರೆ. ಕೇಳಿ, "ಖರೆ ಐತಿ ಸೋಮಣ್ಣಾ" ಎನ್ನುತ್ತಾರೆ. ಹಿಂದಿನ ತಿಂಗಳವರೆಗೆ ನಾನು ಸೋಮ್ಯಾ. ಪುಸ್ತಿಕೆಗಳ ವಿಚಾರ ನಿಧಾನವಾಗಿ ಇಳಿಯುತ್ತದೆ, ಆದರೆ ಇಳಿಯುತ್ತದೆ.

ಅವ್ವನಿಗೆ ಗಡಿಗೆಯ ವಿಷಯ ನೆನಪಿಸಿದೆ. "ನೀ ಅದೀಯಲ್ಲಾ ಅಲ್ಲಿ" ಎಂದಳು. ಮಗನ ಮೇಲೆ ತಾಯಿಗೆ ಇಷ್ಟು ನಂಬಿಕೆ ಇರುವುದು ಸಹಜ. ಅವಳ ಸರದಿ ಬಂದಾಗ ನನ್ನ ಹೆಬ್ಬೆರಳಿಗೆ ಜೋಮು ಹಿಡಿದಿತ್ತು.

ಜನವರಿ 26, ರವಿವಾರ

ಶಾಲೆಯಲ್ಲಿ ಧ್ವಜ ಹಾರಿಸಿದರು. ನನಗೆ ಮುಂದಿನ ಸಾಲಿನಲ್ಲಿ ಕುರ್ಚಿ ಕೊಟ್ಟರು. ಉಳಿದವರು ನೆಲದ ಮೇಲೆ ಕೂತರು. ಸಮಾನತೆಯ ಬಗ್ಗೆ ಮಾತಾಡಿದೆ.

ಜನವರಿ 28, ಮಂಗಳವಾರ

ಇವತ್ತು ಮೂಡಲಗಿಗೆ ಹೊರಟಿದ್ದೆ. ನಾಳೆ ಅಮಾವಾಸ್ಯೆ ಎಂದು ನೆನಪಾಗಿ ಹಿಂದಿರುಗಿದೆ. ಅಮಾವಾಸ್ಯೆಯಲ್ಲಿ ನನಗೆ ನಂಬಿಕೆ ಇಲ್ಲ. ಆದರೆ ಆ ರಾಜಪ್ಪನಿಗೆ ಇರಬಹುದು. ಅಮಾವಾಸ್ಯೆಯ ಮುಂದೆ ಯಂತ್ರ ಬಿಚ್ಚಲು ಅವನು ಒಪ್ಪದಿದ್ದರೆ ಬಸ್ಸಿನ ಖರ್ಚು ವ್ಯರ್ಥ.

ಸಂಜೆ ಸುಂದ್ರವ್ವಾಯಿ ತನ್ನ ಹಾಲು ಅಳೆದ ಮೇಲೂ ಹೋಗಲಿಲ್ಲ. ಕಟ್ಟೆಯ ಮೇಲೆ ಕೂತು ಸಾಲು ಮುಗಿಯುವವರೆಗೆ ನೋಡಿದಳು. ನಡುವೆ ಯಂತ್ರ ಹಲವು ಸಲ ಆರಿತು. ಕೊನೆಗೆ ಎದ್ದು ಬಂದು ನನ್ನ ಬಳಿ ನಿಂತಳು.

"ಏನೋ ಸೋಮ್ಯಾ, ನಿನ್ನ ಹೆಬ್ಬಟ್ಟ ಮಂದಿ ಮಾರಿ ನೋಡ್ತೈತೇನು?"

"ಪಿನ್ ಸಡ್ಲ ಐತಿ ಆಯಿ."

"ನನ್ನ ಸರದಿಗೆ ಒಮ್ಮೆರ ಆರಿಲ್ಲಲ್ಲ."

ಅದಕ್ಕೆ ತಾಂತ್ರಿಕ ಕಾರಣಗಳಿರುತ್ತವೆ. ಹೇಳುವಷ್ಟರಲ್ಲಿ ಹೋಗಿಬಿಟ್ಟಿದ್ದಳು.

ಜನವರಿ 31, ಶುಕ್ರವಾರ

ಗಾಡಿ ನಮ್ಮ ಹಾಲನ್ನು ಹಿಂದಕ್ಕೆ ಕಳಿಸಿತು.

ಮೇಲಿನವರು ಎಲ್ಲ ಕ್ಯಾನುಗಳ ಹಾಲು ಕೂಡಿಸಿ ಪರೀಕ್ಷೆ ಮಾಡಿದರಂತೆ. ನಮ್ಮ ದಾಖಲೆಯಲ್ಲಿ ಹಾಲು ಬಹಳ ಗಟ್ಟಿ ಇದೆ, ಕ್ಯಾನಿನಲ್ಲಿ ಇಲ್ಲ. ಯಂತ್ರ ಸರಿಯಿದೆ ಎಂದು ತಮ್ಮ ಕಣ್ಣಿಗೆ ಕಾಣುವವರೆಗೆ ಗಾಡಿ ಬರುವುದಿಲ್ಲ ಎಂದು ಮುತ್ತಪ್ಪ ಹೇಳಿ ಕ್ಯಾನುಗಳನ್ನು ಇಳಿಸಿದ. ರವಿವಾರ ಮುಂಜಾನೆ ಬಂದು ಕಡೆಯ ಸಲ ನೋಡುತ್ತಾರಂತೆ.

ಒಟ್ಟಿಗೆ ಸೇರಿದ ಹಾಲನ್ನು ಬೇರ್ಪಡಿಸಲು ಬರುವುದಿಲ್ಲ. ತಂದಷ್ಟು ಅಳತೆಯಂತೆ ಎಲ್ಲರೂ ತಿರುಗಿ ಒಯ್ದರು. ಊರೆಲ್ಲ ಖವಾ ಕಾಯಿಸಲು ಕೂತಿತು. ಎಷ್ಟು ಕಾಯಿಸಿದರೂ ಖವಾ ಆಗುತ್ತಿಲ್ಲ, ಉಗಿಯೇ ಹೋಗುತ್ತಿದೆ ಎಂದು ಎಲ್ಲ ಮನೆಯಲ್ಲೂ ಒಂದೇ ಮಾತು. ಅವ್ವ ಒಲೆಯ ಮುಂದೆ ಮಧ್ಯಾಹ್ನವೆಲ್ಲ ಕೂತು, ಈ ಊರಿನ ಮಂದಿ ಎಷ್ಟು ನೀರು ಹಾಕಿದ್ದಾರೆ ನೋಡು ಎಂದು ಬೈಯುತ್ತಿದ್ದಳು.

ಸುಂದ್ರವ್ವಾಯಿಯ ತಂಬಿಗೆಗೂ ಕಾಕಾ ಅದೇ ಹಾಲು ಅಳೆದು ಹಾಕಿದರು. ಆಕೆ ಅದರಲ್ಲಿ ಬೆರಳದ್ದಿ ಎತ್ತಿದಳು. ಹಾಲು ಬೆರಳಿನಿಂದ ಸರಕ್ಕನೆ ಇಳಿದುಹೋಯಿತು. ಆಕೆ ಮತ್ತೊಮ್ಮೆ ಅದ್ದಿ ನೋಡಿದಳು. "ನನ್ನ ಎಮ್ಮಿದು ಎಲ್ಲಿ ಹೋತರಿ ಕಾಕಾ?" ಎಂದು ಮೆಲ್ಲಗೆ ಕೇಳಿದಳು. ಕಾಕಾ ನನ್ನ ಕಡೆ ನೋಡಿದರು. ನಾನು ಪಿನ್ನು ಹಿಡಿದುಕೊಂಡೇ ನಿಂತಿದ್ದೆ. ಯಂತ್ರಕ್ಕೆ ಕರೆಂಟೇ ಇರಲಿಲ್ಲ.

ನಾಳೆ ಮೊದಲ ಬಸ್ಸಿಗೆ ಮೂಡಲಗಿ.

ಫೆಬ್ರವರಿ 1, ಶನಿವಾರ

ರಾಜಪ್ಪನ ಅಂಗಡಿಯ ತುಂಬ ಬಿಚ್ಚಿದ ತಕ್ಕಡಿಗಳು. ಅಂಗಡಿಗಿಂತ ಅವನೇ ದೊಡ್ಡವನು, ಮತ್ತು ಬಾಯಿ ನಿಲ್ಲುವುದಿಲ್ಲ. ಯಂತ್ರ ಬಿಚ್ಚಿದವನೇ ಶುಭಮ್‌ನ ತಂತಿ ನೋಡಿ ಮೆಚ್ಚಿದ, ಸಾಕೆಟ್ಟು ನೋಡಿ ನಕ್ಕ. ಮೊದಲಿನದು ಹೇಗೆ ಕಿತ್ತಿತು ಎಂದು ಕೇಳಿದ. ಯಾರೋ ಎಳೆದರು ಎಂದೆ.

"ಯಾವ ಎತ್ತು ಎಳೀತೋ ತಮ್ಮಾ?"

ಅದು ಒಂದು ತಾತ್ವಿಕ ಸಂದರ್ಭದಲ್ಲಿ ಆದದ್ದು ಎಂದು ನಾನು ಹೇಳಲಿಲ್ಲ.

ಡಬ್ಬಿಯೊಂದರಿಂದ ಹಲವು ಸಾಕೆಟ್ಟುಗಳನ್ನು ಸುರುವಿ, ಒಂದೊಂದಕ್ಕೂ ನಮ್ಮ ಪಿನ್ನು ಚುಚ್ಚಿ ನೋಡಿದ. ಒಂದರಲ್ಲಿ ಅದು ಟಕ್ಕನೆ ಕೂತಿತು. ಆ ಸದ್ದು ಕೇಳಿ ನನಗೆ ಸಂತೋಷವಾಯಿತೆಂದೇ ಬರೆಯಬೇಕು. ಹಳೆಯ ತವರವನ್ನು ಕರಗಿಸಿ ಹೀರಿ ತೆಗೆದ. ನನಗೆ ಬೋರ್ಡು ಹಿಡಿಯಲು ಹೇಳಿದ. ಎಷ್ಟೋ ದಿನದ ರೂಢಿಯಿಂದ ನನ್ನ ಹೆಬ್ಬೆರಳು ತಾನಾಗಿಯೇ ಸಾಕೆಟ್ಟಿನ ಹತ್ತಿರ ಹೋಯಿತು. ಕರಗಿದ ತವರದ ಒಂದು ಹನಿ ಸರಿಯಾಗಿ ಅದರ ಮೇಲೆಯೇ ಬಿತ್ತು. ನಾನು ಕೂಗಿದೆ. "ಬೋರ್ಡ್ ಬಿಡಬ್ಯಾಡ" ಎಂದು ರಾಜಪ್ಪ ನನಗಿಂತ ಜೋರಾಗಿ ಕೂಗಿದ. ಬಿಡಲಿಲ್ಲ.

ಕೊನೆಗೆ ಸಾಕೆಟ್ಟನ್ನು ಒಂದು ತಗಡಿನ ಪಟ್ಟಿಯಿಂದ ಬಿಗಿದು, ಪಿನ್ನು ಒಳಗೆ ಹೋದ ಮೇಲೆ ಹೊರಗಿನಿಂದ ಒಂದು ಸಣ್ಣ ಕೊಂಡಿ ಹಾಕಿ ತಿರುಪು ಕೂರಿಸಿದ.

"ಇನ್ನ ಎಮ್ಮಿ ಕಟ್ಟಿ ಎಳದರೂ ಬರಂಗಿಲ್ಲ, ನಡಿ."

ಬಸ್ಸಿನಲ್ಲಿ ಇಂದು ಯಂತ್ರ ಏನೆಂದು ಯಾರೂ ಕೇಳಲಿಲ್ಲ. ಬೆರಳಿಗೆ ಏನಾಯಿತೆಂದು ಎಲ್ಲರೂ ಕೇಳಿದರು. ಊರು ಮುಟ್ಟಿದಾಗ ರಾತ್ರಿಯಾಗಿತ್ತು, ಕೊಂಡಿಯ ಮಾತು ಯಾರಿಗೂ ಹೇಳಲಿಲ್ಲ.

ಫೆಬ್ರವರಿ 2, ರವಿವಾರ

ಹೆಬ್ಬೆರಳಿಗೆ ಅರಿಶಿನ ಮೆತ್ತಿ ಬಟ್ಟೆ ಕಟ್ಟಿಕೊಂಡು ಮುಂಜಾನೆ ಡೇರಿಗೆ ಹೋದೆ. ಯಂತ್ರ ಮೇಜಿನ ಮೇಲೆ ಒಂದೇ ಸಮನೆ ಉರಿಯುತ್ತಿತ್ತು. ಹಿಂದೆ ನಿಲ್ಲಲು ಹೋದರೆ ಕಾಕಾ, ಅಲ್ಲಿ ಕ್ಯಾನು ಇಡಬೇಕಾಗಿದೆ, ಆಚೆ ಸರಿ ಎಂದರು. ಮೇಲಿನವರ ಕಡೆಯಿಂದ ಒಬ್ಬ ಸಾಹೇಬರು ಬಂದು ಕುರ್ಚಿಯಲ್ಲಿ ಕ್ಯಾಪು ಹಾಕಿಕೊಂಡು ಕೂತಿದ್ದರು. ಗುಡ್ಡಪ್ಪ ಮಾಮಾ ನನ್ನ ಪಕ್ಕದಲ್ಲೇ ಹಾದುಹೋದ, ಮಾತಾಡಿಸಲಿಲ್ಲ. ಚಳಿಗೆ ಕಣ್ಣು ಮಂಜಾಗುತ್ತದೆ.

ಸುಮ್ಮನೆ ನಿಂತಿದ್ದ ನನ್ನ ಕೈಗೆ ಅವ್ವ ಕ್ಯಾನು ಕೊಟ್ಟು ಸಾಲಿನಲ್ಲಿ ನಿಲ್ಲಿಸಿ ಮನೆಗೆ ಹೋದಳು. ನನ್ನ ಹಿಂದೆ ಸುಂದ್ರವ್ವಾಯಿ. ಯಂತ್ರವನ್ನು ಮುಂದಿನಿಂದ ನಾನು ಎಷ್ಟೋ ದಿನದ ಮೇಲೆ ನೋಡಿದೆ. ಒಂದಾದ ಮೇಲೊಂದು ಅಂಕಿ ಬರುತ್ತಿತ್ತು, ಆರುತ್ತಲೇ ಇರಲಿಲ್ಲ. ಬಹಳ ಕಟುವಾದ ಕೆಂಪು ಬಣ್ಣ ಅದು.

ನಮ್ಮ ಸರದಿ ಬಂತು. ಕ್ಯಾನಿನ ಮುಚ್ಚಳ ತೆಗೆದಾಗ ನನಗೆ ಅವ್ವನ ತಂಬಿಗೆ ನೆನಪಾಯಿತು. ಹಾಲು ಕೊಳವೆಗೆ ಏರಿತು. ಈ ನಡುವೆ ರಾಜಪ್ಪನ ಬೆಸುಗೆ ಎಷ್ಟು ಗಟ್ಟಿಯಾಗಿದೆ ಎಂಬುದನ್ನು ಯಾರೂ ಪರೀಕ್ಷಿಸಿಲ್ಲ ಎಂಬ ವಿಚಾರ ಬಂತು. ಸಾರ್ವಜನಿಕ ಆಸ್ತಿ, ಯಾರಾದರೂ ಪರೀಕ್ಷಿಸಬೇಕು. ಮೇಜಿನ ಆಚೆ ಕೈ ಚಾಚಿ ಪಿನ್ನನ್ನು ಒಮ್ಮೆ ಎಳೆದು ನೋಡಿದೆ.

"ಬರಂಗಿಲ್ಲ ಬಿಡು" ಎಂದಳು ಸುಂದ್ರವ್ವಾಯಿ, ಹಿಂದಿನಿಂದ.

ಅಂಕಿ ಬಂತು. ಕಾಕಾ ಅದನ್ನು ಓದಿದರು. ಎಷ್ಟೆಂದು ಇಲ್ಲಿ ಬರೆಯುವ ಅಗತ್ಯವಿಲ್ಲ. ಸಾಹೇಬರು ತಲೆಯೆತ್ತಿ, ನೀರು ಹಾಕಿದ್ದೀರಾ ಎಂದು ಕೇಳಿದರು.

"ಗಡಿಗಿ ತೊಳದ ನೀರ್ರಿ" ಎಂದೆ.

ಯಾರೂ ನಗಲಿಲ್ಲ. ಸಾಲಿನಲ್ಲಿದ್ದ ಪ್ರತಿಯೊಬ್ಬರೂ ಗಂಭೀರವಾಗಿ ತಲೆ ಆಡಿಸಿದರು. ಗುಡ್ಡಪ್ಪ ಮಾಮಾ, ಹಾಲು ಕಾಲಲ್ಲಿ ಬೀಳಬಾರದಲ್ಲ ಎಂದು ಸಾಹೇಬರಿಗೆ ವಿವರಿಸಿದ. ಸಾಹೇಬರು ನಮ್ಮ ಕ್ಯಾನನ್ನು ಬದಿಗೆ ಸರಿಸಲು ಹೇಳಿದರು. ಸರಿಸಿದೆ. ಮಾಮಾನ ಕ್ಯಾನು ಆಗಲೇ ಅಲ್ಲಿತ್ತು. ಕೆಂಚವ್ವ ಕಾಕೂನದೂ ಇತ್ತು. ಇನ್ನೂ ಕೆಲವು ಬಂದು ಸೇರಿದವು.

ಸುಂದ್ರವ್ವಾಯಿ ತಂಬಿಗೆ ಇಟ್ಟಳು. ಅವಳ ಅಂಕಿ ಓದುವ ಮೊದಲು ಕಾಕಾ ಕನ್ನಡಕ ಒರೆಸಿಕೊಂಡರು. ಸಾಹೇಬರು ಎದ್ದು ಬಂದು ತಾವೇ ಇನ್ನೊಮ್ಮೆ ನೋಡಿದರು, ಯಂತ್ರ ಕೆಟ್ಟಿದೆಯೇ ಎಂದು ಕೇಳಿದರು. "ಯಂತ್ರ ಚೆಂದ ಐತ್ರಿ. ಎಮ್ಮಿನ ಹಂಗೈತಿ" ಎಂದಳು ಆಯಿ. ಆಮೇಲೆ ನನ್ನ ಬಟ್ಟೆ ಕಟ್ಟಿದ ಬೆರಳು ಹಿಡಿದು ನೋಡಿ, ಹಾಲಿನ ಕೆನೆ ಹಚ್ಚು, ಉರಿ ಇಳಿಯುತ್ತದೆ ಎಂದಳು. ನಿಮ್ಮ ಮನೆಯ ಹಾಲಿನದು ಬೇಡ, ಸಂಜೆ ಬಾ, ನಾನು ಕೊಡುತ್ತೇನೆ ಎಂದೂ ಹೇಳಿದಳು.

ಬದಿಗೆ ಸರಿಸಿದ ಕ್ಯಾನುಗಳನ್ನು ಬಿಟ್ಟು ಉಳಿದುದನ್ನು ಗಾಡಿ ಹೇರಿಕೊಂಡು ಹೋಯಿತು. ನಾಳೆಯೂ ಬರುತ್ತದಂತೆ. ಬಿಟ್ಟ ಕ್ಯಾನುಗಳನ್ನು ಹೊತ್ತುಕೊಂಡು ನಾವೆಲ್ಲ ಒಟ್ಟಿಗೆ ಮನೆಯ ಕಡೆ ನಡೆದೆವು. ಯಾರಲ್ಲೂ ಮೇಲು ಕೀಳು ಇರಲಿಲ್ಲ.

ಫೆಬ್ರವರಿ 3, ಸೋಮವಾರ

ಮುಂಜಾನೆ ಅವ್ವ ಹಿಂಡಿ, ಹಾಲನ್ನು ಕ್ಯಾನಿಗೆ ಸುರಿದಳು. ಗಡಿಗೆಗೆ ಎಂದಿನಂತೆ ತುಂಬಿದ ತಂಬಿಗೆ ನೀರು ಹಾಕಿ ಕುಲುಕಿದಳು. ಕ್ಯಾನಿನ ಕಡೆ ನೋಡಿದಳು. ನನ್ನ ಕಡೆ ನೋಡಿದಳು. ಗಡಿಗೆಯನ್ನು ನನ್ನ ಬಾಯಿಗೆ ಹಿಡಿದಳು.

"ಚೆಲ್ಲಾಕ ಬರಂಗಿಲ್ಲ. ಕುಡಿ."

ಪೂರ್ತಿ ಕುಡಿದೆ. ಬಹಳ ತಣ್ಣಗಿತ್ತು. ಹಾಲಿನ ರುಚಿ ಎಲ್ಲೂ ಇರಲಿಲ್ಲ.